ಪುಷ್ಯ ಮಳೆಯಲ್ಲೂ ಹಂದಿ ಒಳಗೆ ಬರಲಿಲ್ಲ

ಕಾಡುಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿಯ ಕತೆಯನ್ನು ಎರಡು ಮಳೆಗಾಲ ಪೂರ್ತಿ ಕಳೆದ ಮೇಲೆ ಬರೆಯುತ್ತಿದ್ದೇನೆ. ಒಂದೇ ವರ್ಷಕ್ಕೆ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. "ಮಳೆಗಾಲದಲ್ಲಿ ಸೋಲಾರ್ ಬೇಲಿ ನಂಬಿದ್ರೆ ಗದ್ದೆ ಹಂದಿಗೆ, ಸಾಲ ನಿಂಗೆ ಮಾರಾಯ" ಅಂದಿದ್ದ ಪಕ್ಕದ ಮನೆಯವರೇ ಹೋದ ತಿಂಗಳು ಬಂದು ತಂತಿಯ ಎತ್ತರವನ್ನು ಅಳತೆಪಟ್ಟಿ ಹಿಡಿದು ಅಳೆದುಕೊಂಡು ಹೋದರು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿನ ಸೀಮೆ. ಎರಡು ಎಕರೆ ಗದ್ದೆ, ಮುಕ್ಕಾಲು ಎಕರೆ ಶುಂಠಿ, ಉಳಿದದ್ದು ತೋಟ. ಮೂರು ಕಡೆ ಸೊಪ್ಪಿನಬೆಟ್ಟ, ಒಂದು ಕಡೆ ಹಳ್ಳ. ಹಂದಿ ಶುಂಠಿ ತಿನ್ನುವುದಕ್ಕಿಂತ ಮಡಿ ಕೆಡವುವುದೇ ಹೆಚ್ಚು. ಮಳೆ ಬಿದ್ದು ಮಣ್ಣು ಮೆತ್ತಗಾದರೆ ಎರೆಹುಳ, ಬೇರುಹುಳ ಮೇಲೆ ಬರುತ್ತವೆ, ಹಂದಿಯ ಮೂತಿಗೆ ಉಳುಮೆ ಸುಲಭವಾಗುತ್ತದೆ. ಒಂದು ಹಿಂಡು ಒಂದು ರಾತ್ರಿ ಹೊಕ್ಕರೆ ಹತ್ತಿಪ್ಪತ್ತು ಮಡಿ ಹೋಯಿತು. ಬೇಲಿ ಹಾಕುವ ಹಿಂದಿನ ವರ್ಷ 60 ಕೆಜಿಯ ಚೀಲದ ಲೆಕ್ಕದಲ್ಲಿ ನೂರರ ಹತ್ತಿರ ಬರಬೇಕಿದ್ದ ಶುಂಠಿ 62ಕ್ಕೋ 63ಕ್ಕೋ ನಿಂತಿತು. ಗದ್ದೆಯಲ್ಲಿ ಹಾಲುಗಾಳಿನ ಹೊತ್ತಿಗೆ ಹಸ್ತ, ಚಿತ್ತೆ ಮಳೆಯಲ್ಲಿ ನುಗ್ಗಿ ತಿಂದದ್ದಕ್ಕಿಂತ ಹೊರಳಾಡಿ ಮಲಗಿಸಿದ್ದೇ ಜಾಸ್ತಿ.

ಮಾಡದ ಪ್ರಯೋಗವಿಲ್ಲ. ಗದ್ದೆಯ ಸುತ್ತ ಸೀರೆ ಕಟ್ಟಿದೆ, ಎಂಟು ದಿನಕ್ಕೆ ಹಂದಿಗೆ ಅಭ್ಯಾಸವಾಯಿತು. ಕ್ಷೌರದ ಅಂಗಡಿಯ ಕೂದಲು, ಕೊಳೆತ ಮೊಟ್ಟೆಯ ನೀರು, ಫಿನಾಯಿಲ್ ಬಟ್ಟೆ, ಇವೆಲ್ಲ ವಾಸನೆಯ ಉಪಾಯಗಳು. ಬೇಸಗೆಯಲ್ಲಿ ನಾಲ್ಕು ದಿನ ತಡೆದದ್ದು ಆರಿದ್ರೆ ಮಳೆಯಲ್ಲಿ ಒಂದು ರಾತ್ರಿಗೆ ತೊಳೆದುಹೋಗುತ್ತದೆ. ಫೋರೇಟ್ ಎಂಬ ಕೀಟನಾಶಕದ ಗಂಟು ಕಟ್ಟುವವರೂ ಇದ್ದರು. ಅದು 2020ರ ಕೊನೆಗೆ ನಿಷೇಧವಾದದ್ದು ಒಳ್ಳೆಯದೇ ಆಯಿತು. ನಮ್ಮ ಹಳ್ಳದ ನೀರನ್ನೇ ಕೆಳಗಿನ ಕೇರಿ ಕುಡಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ಹುಲಿ ಕೂಗು ಹಾಕಿ ಸ್ಪೀಕರ್ ಇಟ್ಟೆ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನನಗೇ ಅದು ಕೇಳುತ್ತಿರಲಿಲ್ಲ. ಮಾಳದಲ್ಲಿ (ಕಾವಲಿನ ಅಟ್ಟಣೆ) ಕೂತು ಕಾಯಲು ಒಬ್ಬರಿಗೆ ರಾತ್ರಿಗೆ 500 ಕೊಟ್ಟೆ. ಹದಿನೈದು ದಿನಕ್ಕೆ ಉಂಬಳ (ಜಿಗಣೆ), ಜ್ವರ ಅಂತ ಅವರೂ ಬಿಟ್ಟರು.

ಕೋವಿಯ ಮಾತು ಬೇಡ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಹಂದಿ ಬೇಟೆ ಅಪರಾಧ. ಉರುಳು ಹಾಕಿದರೆ ಚಿರತೆಯೂ ಬೀಳುತ್ತದೆ, ಮನೆಯ ನಾಯಿಯೂ ಬೀಳುತ್ತದೆ. ಮನೆ ಲೈನಿನಿಂದ ನೇರ ತಂತಿ ಎಳೆಯುವುದು ಕೊಲೆಗೆ ಸಮ. ಮಳೆಗಾಲದ ಒದ್ದೆ ನೆಲದಲ್ಲಿ ಅದನ್ನು ಮುಟ್ಟಿದ ಮನುಷ್ಯ ಬದುಕುವುದಿಲ್ಲ.

ಆದರೆ ಬೇಟೆಗಾರನ ಕಣ್ಣು ನನಗೆ ಬೇಕಿತ್ತು. ನಮ್ಮೂರಲ್ಲಿ ಹಳೇ ಈಡುಗಾರ ಅಜ್ಜ ಒಬ್ಬರಿದ್ದಾರೆ, ಎಂಬತ್ತರ ಆಸುಪಾಸು. ಕೋವಿ ಬಿಟ್ಟು ಯಾವ ಕಾಲವೋ ಆಯಿತು. ಕಂಬಳಿ ಕೊಪ್ಪೆ ಹಾಕಿಕೊಂಡು ಒಂದು ಬೆಳಿಗ್ಗೆ ನನ್ನ ಜತೆ ಅಂಚಿನ ಮೇಲೆ ನಡೆದರು. "ಜೋರು ಮಳೇಲಿ ಹಂದಿ ಹಳು (ಪೊದೆ) ಬಿಟ್ಟು ಏಳಲ್ಲ ತಮ್ಮಾ. ಅದಕ್ಕೆ ಕಣ್ಣು ಕಮ್ಮಿ, ಕಿವಿ ಮೂಗೇ ಎಲ್ಲ. ಮಳೆ ಎರಡನ್ನೂ ಮುಚ್ಚುತ್ತೆ. ಹೊಳವು ಬಿದ್ದ ಕೂಡ್ಲೆ, ಅಂದ್ರೆ ಮಳೆ ಬಿಟ್ಟ ಕೂಡ್ಲೆ ಏಳುತ್ತೆ" ಅಂದರು. ಹೆಜ್ಜೆ ಓದುವುದನ್ನೂ ತೋರಿಸಿದರು: ಹೆಜ್ಜೆಯೊಳಗೆ ಹನಿ ಬಿದ್ದ ಗುಳಿಗಳಿದ್ದರೆ ಮಳೆಗೆ ಮೊದಲೇ ದಾಟಿದೆ, ಅಂಚು ಚೂಪಾಗಿದ್ದರೆ ಮಳೆ ನಿಂತ ಮೇಲೆ ಬಂದದ್ದು. ಅವತ್ತಿನಿಂದ ಒಂದೂವರೆ ತಿಂಗಳು ಪುಸ್ತಕದಲ್ಲಿ ಬರೆದೆ. ಇಪ್ಪತ್ತು ಸಲ ಬಂದಿದ್ದರೆ ಹದಿನೈದು ಸಲ ಹೊಳವಿನಲ್ಲೇ. ಬಂದದ್ದೂ ಮೂರೇ ಗಂಡಿಗಳಿಂದ. ನಾನು ರಾತ್ರಿಯಿಡೀ ಎದ್ದಿದ್ದು ಮಳೆ ಬಿಟ್ಟಾಗ "ಇನ್ನು ಮಲಗೋಣ" ಅನ್ನುತ್ತಿದ್ದ ಹೊತ್ತೇ ಅವುಗಳ ಹೊತ್ತು.

ಪ್ಯಾನೆಲ್, ಬ್ಯಾಟರಿಯಿಂದ ತಂತಿಗೆ ಸೆಕೆಂಡಿಗೊಮ್ಮೆ ಕ್ಷಣಮಾತ್ರ ಏಟು ಬಿಡುವ ಸೋಲಾರ್ ಬೇಲಿ ಮೊದಲ ಸಲ ಹಾಕಿದಾಗ 38 ಸಾವಿರದ ಹತ್ತಿರ ಖರ್ಚಾಯಿತು. ಮೇ ತಿಂಗಳಲ್ಲಿ ಮೀಟರ್ 7 ಸಾವಿರ ವೋಲ್ಟ್ ತೋರಿಸುತ್ತಿತ್ತು, ಜುಲೈ ನಡುವಿಗೆ 2 ಸಾವಿರ. ಹಂದಿಯ ಕೂದಲು, ದಪ್ಪ ಚರ್ಮಕ್ಕೆ 4 ಸಾವಿರಕ್ಕಿಂತ ಕಡಿಮೆ ಇದ್ದರೆ ಅದು ತಂತಿಯನ್ನೇ ತಳ್ಳಿಕೊಂಡು ಬರುತ್ತದೆ, ಬಂತು ಕೂಡ. ಆ ವರ್ಷ ಊರವರೆಲ್ಲ ನನಗೆ ಬುದ್ಧಿ ಹೇಳಿದರು.

ನಾನು ಹಿಡಿದ ಎಳೆ ಒಂದೇ. ಬೇಲಿಯ ಕರೆಂಟ್ ಹಂದಿಯ ಮೈಯಿಂದ ನೆಲಕ್ಕಿಳಿದು, ನೆಲದಲ್ಲಿ ಹೂತ ಅರ್ಥಿಂಗ್ ಸರಳಿಗೆ ತಿರುಗಿ ಬರಬೇಕು. ಬೇಸಗೆಯಲ್ಲಿ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಆ ದಾರಿಯೇ ಕಟ್ಟಿಹೋಗಿರುತ್ತದೆ. ಒದ್ದೆ ನೆಲ, ಒದ್ದೆ ಗೊರಸು, ಒದ್ದೆ ಮೂತಿ ಇರುವ ಮಳೆಗಾಲವೇ ಬೇಲಿಗೆ ನಿಜವಾದ ಕಾಲ. ಹಾಗಾದರೆ ಸೋಲು ಎಲ್ಲಿತ್ತು? ಹಂದಿಗೆ ಮುಟ್ಟುವ ಮೊದಲೇ ಕರೆಂಟ್ ಹುಲ್ಲಿಗೆ, ಕಂಬಕ್ಕೆ, ಪಾಚಿಗೆ ಸೋರಿಹೋಗುತ್ತಿತ್ತು.

ಒಂದು ರಾತ್ರಿ ಕತ್ತಲಲ್ಲಿ ಬೇಲಿಯುದ್ದಕ್ಕೂ ಟಾರ್ಚ್ ಇಲ್ಲದೆ ನಡೆದೆ. ಸೋರುವ ಕಡೆಯೆಲ್ಲ ಸೆಕೆಂಡಿಗೊಮ್ಮೆ ಚಿಟ್ ಚಿಟ್ ಅಂತ ನೀಲಿ ಕಿಡಿ. ನಲವತ್ತು ಕಡೆಯಾದರೂ ಇತ್ತು. ಅಡಿಕೆ ದಬ್ಬೆಯ ಕಂಬಗಳು ನೀರು ಕುಡಿದು ಕರೆಂಟ್ ಹೀರುತ್ತಿದ್ದವು. ತಂತಿ ಹಾಯುವ ಕಡೆಗೆಲ್ಲ ಹಳೇ ಕಪ್ಪು ಪೈಪಿನ ಗೇಣುದ್ದದ ತುಂಡು ಹಾಕಿದೆ. ಇನ್ಸುಲೇಟರ್‌ಗಳ ಪಾಚಿಯನ್ನು ಹದಿನೈದು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜುತ್ತೇನೆ. ಅರ್ಥಿಂಗ್ ಸರಳು ಒಂದರ ಬದಲು ಮೂರು. ತಂತಿ ಮೂರು ಸಾಲು, ಕೆಳಗಿನದು 9 ಇಂಚಿನಲ್ಲಿ. ಹಂದಿ ಮೂತಿಯಿಂದಲೇ ಮುಟ್ಟಬೇಕು, ಬೆನ್ನಿನಿಂದಲ್ಲ.

ಹುಲ್ಲಿನದೇ ದೊಡ್ಡ ತಲೆಬಿಸಿ. ಮೊದಲು ಬೇಲಿಯ ಕೆಳಗೆ ಮೂರಡಿ ಅಗಲ ಪ್ಲಾಸ್ಟಿಕ್ ಹಾಸಿದೆ, 4 ಸಾವಿರ ಖರ್ಚು. ಹುಲ್ಲು ಬೆಳೆಯುವುದು ನಿಂತಿತು, ಮೀಟರ್ 5 ಸಾವಿರ ದಾಟಿತು, ಮೂರನೇ ರಾತ್ರಿಗೇ ಹಂದಿ ಒಳಗೆ! ಬೆಳಿಗ್ಗೆ ನೋಡಿದರೆ ಹಾಳೆಯ ಮೇಲೆ ಕೆಸರಿನ ಗೊರಸು ಸಾಲಾಗಿ ಮೂಡಿದೆ. ಪ್ಲಾಸ್ಟಿಕ್ ಮೇಲೆ ನಿಂತ ಹಂದಿಗೆ ಕರೆಂಟ್ ಎಲ್ಲಿ ಹೊಡೆಯಬೇಕು? ಅದನ್ನೆಲ್ಲ ಕಿತ್ತು ತಂತಿಯ ನೇರಕ್ಕೆ ಮಾತ್ರ ಒಂದಡಿ ಅಡಿಕೆ ಹಾಳೆ ಹಾಸಿದೆ. ಹೊರಬದಿಯಲ್ಲಿ ಬರೀ ಮಣ್ಣು. ಹಾಳೆ ಎರಡು ತಿಂಗಳಿಗೆ ಕೊಳೆಯುತ್ತದೆ, ಮತ್ತೊಮ್ಮೆ ಹಾಸಬೇಕು. ದುಡ್ಡಿನ ಖರ್ಚಿಲ್ಲ.

ಬ್ಯಾಟರಿಯ ವಿಷಯ. ಹತ್ತು ದಿನ ಸೂರ್ಯ ಕಾಣದಿದ್ದರೆ ಪ್ಯಾನೆಲ್ ಏನು ಮಾಡೀತು? ಎರಡನೇ ಬ್ಯಾಟರಿ ತಂದೆ, ಐದೂವರೆ ಸಾವಿರ ಕೊಟ್ಟ ನೆನಪು. ನಾಲ್ಕು ದಿನಕ್ಕೊಮ್ಮೆ ಬದಲಿಸಿ ಮನೆಯಲ್ಲಿ ಚಾರ್ಜ್ ಮಾಡುವುದು. ಆದರೆ ಗಾಳಿ ಮಳೆಗೆ ಮರ ಬಿದ್ದು ಮನೆಗೇ ಮೂರು ದಿನ ಕರೆಂಟಿಲ್ಲ. ಮೇಲಿನ ಮನೆಯವರ ಅಬ್ಬಿ ನೀರಿಗೆ ಕಿರು ಟರ್ಬೈನ್ ಇದೆ, ಬೆಟ್ಟದ ನೀರಿನಿಂದ ಮನೆಗೆ ದೀಪ ಉರಿಸುವ ಅಂಥದ್ದು ನಮ್ಮ ಕಡೆ ಹಲವು ಮನೆಗಳಲ್ಲಿದೆ. ಬ್ಯಾಟರಿ ಹೊತ್ತು ಅಲ್ಲಿಗೆ ಹೋದೆ, ಒಂದು ರಾತ್ರಿಗೆ ತುಂಬಿತು. ಮೋಡ ಬಿಸಿಲನ್ನು ಕಿತ್ತುಕೊಂಡರೆ ಅದೇ ಮೋಡದ ನೀರು ಬೇಲಿಗೆ ಕರೆಂಟ್ ಕೊಡುತ್ತಿದೆ ಅಂತ ಅವತ್ತು ನನಗಾದ ಖುಷಿ ಹೇಳತೀರದು. ಈಗ ನಮ್ಮದೇ ಹಳ್ಳಕ್ಕೆ ಸೈಕಲ್ ಡೈನಮೊ ಹಾಕಿ ನೋಡುತ್ತಿದ್ದೇನೆ. ಇಷ್ಟರವರೆಗೆ ಮೊಬೈಲ್ ಚಾರ್ಜ್ ಆಗುವಷ್ಟೂ ಬಂದಿಲ್ಲ.

ಇನ್ನೊಂದು ಮುಖ್ಯ ಸಂಗತಿ, ಹಲಸು. ಮಿಥುನ ಮಾಸದಲ್ಲಿ ಬಿದ್ದು ಕೊಳೆಯುವ ಹಣ್ಣೇ ಹಿಂಡನ್ನು ಬೆಟ್ಟದಿಂದ ಇಳಿಸುತ್ತದೆ. ಬೇಲಿಯ ಆಸುಪಾಸಿನ ಆರು ಮರದ ಹಣ್ಣು ದಿನಾ ಹೆಕ್ಕಿ ಗುಂಡಿಗೆ ಹಾಕಿ ಮುಚ್ಚಿದೆ. ಬೇಲಿಯಷ್ಟೇ ಇದೂ ಕೆಲಸ ಮಾಡಿದೆ ಅಂತ ನನ್ನ ನಂಬಿಕೆ. ಆ ಮೂರು ಗಂಡಿಗಳಲ್ಲಿ ಹಂದಿಯ ಮೂತಿ ತಂತಿಗೇ ಬರುವಂತೆ ಒಂದು ವಸ್ತು ಕಟ್ಟುತ್ತೇನೆ. ಅದನ್ನು ಅಜ್ಜ ಹೇಳಿಕೊಟ್ಟದ್ದು, ಯಾರಿಗೂ ಹೇಳಬೇಡ ಅಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ಕಟ್ಟುವ ಎತ್ತರವೂ ಅಷ್ಟೇ.

ಎರಡನೇ ಸುತ್ತಿನ ಖರ್ಚು, ಪ್ಲಾಸ್ಟಿಕ್ ದಂಡವೂ ಸೇರಿ, 14 ಸಾವಿರದೊಳಗೆ. ಹೋದ ವರ್ಷ ಶುಂಠಿ 94 ಚೀಲ ಬಂತು, ಗದ್ದೆಯಲ್ಲಿ ಹದಿನೇಳೆಂಟು ಕ್ವಿಂಟಲ್ ಇದ್ದದ್ದು 29ಕ್ಕೆ ಏರಿತು. ಹಿಂಡು ಈಗಲೂ ಬೆಟ್ಟದಲ್ಲೇ ಇದೆ, ಹೊಳವಿನಲ್ಲಿ ಹೊರಗಿನ ಹುಲ್ಲಿನ ಬೇಣದಲ್ಲಿ ಕೆದರುತ್ತದೆ. ಕೆದರಲಿ, ಅದರ ಜಾಗ ಅದು.

ಮುಳ್ಳುಹಂದಿಗೆ ಮಾತ್ರ ಈ ಬೇಲಿ ಲೆಕ್ಕಕ್ಕಿಲ್ಲ. ಮುಳ್ಳಿಗೆ ಕರೆಂಟ್ ಹಿಡಿಯುವುದಿಲ್ಲ. 5 ಇಂಚಿನಲ್ಲಿ ಇನ್ನೊಂದು ತಂತಿ ಎಳೆದಿದ್ದೇನೆ, ಬರುವ ಆರಿದ್ರೆಯಲ್ಲಿ ಗೊತ್ತಾಗುತ್ತದೆ.