ಐದು ಡಬ್ಬಿ, ಒಂದೂಮುಕ್ಕಾಲು ಗಂಟೆ

ಮೊದಲ ವರ್ಷ ನಮ್ಮ ಮನೆಯ ಶಾಲೆಗೆ ಗಂಟೆ ಇತ್ತು. ನಿಜವಾದ ಗಂಟೆ, ದೇವರ ಕೋಣೆಯದು. ಒಂಬತ್ತೂವರೆಗೆ ಪ್ರಾರ್ಥನೆ, ಆಮೇಲೆ ನಲವತ್ತು ನಿಮಿಷದ ಏಳು ಅವಧಿಗಳು, ನಡುವೆ ಊಟದ ಬಿಡುವು. ವೇಳಾಪಟ್ಟಿಯನ್ನು ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಹತ್ತೊಂಬತ್ತು ದಿನ ನಡೆಯಿತು. ಇಪ್ಪತ್ತನೆಯ ದಿನ ಕೊಟ್ಟಿಗೆಯಲ್ಲಿ ಆಕಳು ಕರು ಹಾಕಿತು. ಮಕ್ಕಳು ಅತ್ತ ಓಡಿದರು, ಒಲೆಯ ಮೇಲಿದ್ದ ಹುಳಿ ಸೀದು ಹೋಯಿತು, ನಾನು ಗಣಿತದ ಅವಧಿ ಎಂದು ಗಂಟೆ ಬಾರಿಸುತ್ತ ಅಂಗಳದಲ್ಲಿ ನಿಂತಿದ್ದೆ. ಅತ್ತೆ ಜಗಲಿಯಿಂದ, "ಗಂಟೆಯನ್ನು ಒಳಗಿಡು, ಸಂಜೆ ಪೂಜೆಗೆ ಬೇಕು" ಎಂದರು. ಅಷ್ಟೇ ಹೇಳಿದ್ದು. ಸಾಕಾಗಿತ್ತು.

ಇದನ್ನು ಓದುವವರಲ್ಲಿ ಹೆಚ್ಚಿನವರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿರುವವರು ಎಂದುಕೊಂಡಿದ್ದೇನೆ. ಹಾಗಾಗಿ ಶಾಲೆ ಏಕೆ ಬಿಡಿಸಿದೆವು ಎಂಬ ಪುರಾಣವನ್ನು ಚುಟುಕಾಗಿ ಮುಗಿಸುತ್ತೇನೆ. ಶಿರಸಿ ತಾಲ್ಲೂಕಿನ ಒಳಗಿನ ಊರು ನಮ್ಮದು. ಪೇಟೆಯ ಶಾಲೆಯ ವ್ಯಾನು ಬೆಳಿಗ್ಗೆ ಏಳೂ ನಲವತ್ತಕ್ಕೆ ಹೊರಟರೆ ಮರಳುವುದು ಸಂಜೆ ಐದಕ್ಕೆ. ತಿರುವಿನ ದಾರಿಯಲ್ಲಿ ಮಗಳು ದಿನವೂ ವಾಂತಿ ಮಾಡಿಕೊಳ್ಳುತ್ತಿದ್ದಳು. 2022ರ ಜೂನ್‌ನಲ್ಲಿ ನಿಲ್ಲಿಸಿದೆವು. ಆಗ ಅವಳಿಗೆ ಆರೂವರೆ, ಮಗನಿಗೆ ನಾಲ್ಕು. ನಮ್ಮ ಕಡೆ ಮನೆಯಲ್ಲಿ ಮಗಳನ್ನು ಕೂಸು, ಮಗನನ್ನು ಮಾಣಿ, ಅಮ್ಮನನ್ನು ಆಯಿ ಎನ್ನುವುದು ರೂಢಿ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಆ ಮೊದಲ ವರ್ಷ ನಾನು ಕಳೆದ ಹಣದ ಲೆಕ್ಕ ಕೇಳಿ. ಆನ್‌ಲೈನಿನಲ್ಲಿ ತರಿಸಿದ ಪಠ್ಯದ ಪೆಟ್ಟಿಗೆಗೆ ಹನ್ನೊಂದೋ ಹನ್ನೆರಡೋ ಸಾವಿರ. ಪ್ರಿಂಟರಿಗೆ ಒಂಬತ್ತು ಸಾವಿರ. ಲ್ಯಾಮಿನೇಷನ್ ಯಂತ್ರಕ್ಕೆ ಎರಡೂವರೆ. ಶಾಯಿ, ಕಾಗದ, ಅಂಟು, ಮಿನುಗು ಎಂದು ಇನ್ನೊಂದಷ್ಟು. ಒಟ್ಟು ಮೂವತ್ತು ಸಾವಿರದ ಹತ್ತಿರ. ಅಂದಿನ ದರದಲ್ಲಿ ಮುಕ್ಕಾಲು ಕ್ವಿಂಟಲ್ ಚಾಲಿ ಅಡಿಕೆಯ ಹಣ. ನನ್ನ ಯಜಮಾನರು ಹೀಗೆ ಅಡಿಕೆಯಲ್ಲಿ ಲೆಕ್ಕ ಹಾಕಿ ಹೇಳಿದಾಗಲೇ ನನಗೆ ಹೊಟ್ಟೆ ಚುರುಕ್ ಎಂದದ್ದು.

ಪೆಟ್ಟಿಗೆಯಲ್ಲಿ ಏನಿತ್ತು? ಉದುರಿದ ಕೆಂಪು ಎಲೆಗಳನ್ನು ಆರಿಸಿ ತಂದು ಅಂಟಿಸುವ ಚಟುವಟಿಕೆ ಇತ್ತು. ಹೊರಗೆ ಜುಲೈ ತಿಂಗಳ ಮಳೆ ಧೋ ಎಂದು ಹೊಯ್ಯುತ್ತಿತ್ತು. ಹಿಮದ ಮನುಷ್ಯನಿಗೆ ಗುಂಡಿ ಎಣಿಸಿ ಹಾಕುವುದಿತ್ತು. ಎಲ್ಲಕ್ಕಿಂತ ದೊಡ್ಡದೆಂದರೆ ತಾಯಂದಿರ ಕೈಪಿಡಿ, ಇನ್ನೂರು ಚಿಲ್ಲರೆ ಪುಟ. ರಾತ್ರಿ ಪಾತ್ರೆ ತೊಳೆದ ಮೇಲೆ ಎರಡು ಗಂಟೆ ಅದನ್ನು ಓದಿ ಮರುದಿನಕ್ಕೆ ಹಾಳೆ ಮುದ್ರಿಸುತ್ತಿದ್ದೆ. ಮಲೆನಾಡಿನ ತೇವಕ್ಕೆ ಕಾಗದ ಸುರುಟಿಕೊಂಡು ಪ್ರಿಂಟರಿನೊಳಗೆ ಸಿಕ್ಕಿಬೀಳುತ್ತಿತ್ತು. ಕರೆಂಟು ಇದ್ದ ದಿನ ಶಾಯಿ ಇಲ್ಲ, ಶಾಯಿ ಬಂದ ವಾರ ಕರೆಂಟು ಇಲ್ಲ. ಲ್ಯಾಮಿನೇಷನ್ ಮಾಡಿದ ಹಾಳೆಗಳ ಅಂಚಿನಿಂದ ನೀರು ಹೊಕ್ಕು ಆಗಸ್ಟ್ ಹೊತ್ತಿಗೆ ಒಳಗೇ ಬೂಷ್ಟು ಬೆಳೆಯಿತು. ಮಾಣಿ ಅದನ್ನು ಭೂತಗನ್ನಡಿಯಲ್ಲಿ ನೋಡಿ ಖುಷಿಪಟ್ಟ. ಮೂವತ್ತು ಸಾವಿರಕ್ಕೆ ಬಂದ ವಿಜ್ಞಾನ ಪಾಠ ಅದೊಂದೇ.

ಕಾಗದದ ಕಾಟಕ್ಕೆ ನಾನೇ ಒಂದು ಉಪಾಯ ಹೂಡಿದೆ. ಅಡಿಕೆ ಮರದಿಂದ ಉದುರುವ ಹಾಳೆಯನ್ನು ಕತ್ತರಿಸಿ, ಚಪ್ಪಟೆಯಾಗಲು ಕಲ್ಲು ಹೇರಿ ಒಣಗಿಸಿ, ಸ್ಲೇಟಿನ ಬದಲು ಬಳಸುವುದು. ಇದ್ದಿಲಿನಲ್ಲಿ ಬರೆದರೆ ಕಪ್ಪಗೆ ಚೆನ್ನಾಗಿ ಕಾಣುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಅರ್ಧ ಹೋಗುತ್ತದೆ, ಮೂರನೆಯ ಸಲಕ್ಕೆ ಇಡೀ ಹಾಳೆ ಬೂದಿ ಬಣ್ಣ. ಇನ್ನೂ ಒಣಗದ ಐದಾರು ಹಾಳೆಗಳನ್ನು ಅಂಗಳದಲ್ಲಿಟ್ಟಿದ್ದೆ, ಆಕಳು ತಿಂದು ಮುಗಿಸಿತು. ಹಸಿ ಹಾಳೆ ದನಕ್ಕೆ ಮೇವು ಎಂಬುದು ನನಗೇನು ಗೊತ್ತಿಲ್ಲದ್ದಲ್ಲ. ಕೊನೆಗೆ ಪೇಟೆಯಿಂದ ಎರಡು ಕಲ್ಲಿನ ಸ್ಲೇಟು, ಒಂದು ಪೊಟ್ಟಣ ಬಳಪ ತಂದೆ. ನೂರು ರೂಪಾಯಿಯ ಒಳಗೇ ಆಯಿತು. ಅವೇ ಈಗಲೂ ಇವೆ, ಒಂದರ ಮೂಲೆ ಮಾತ್ರ ಮುರಿದಿದೆ.

ಎರಡನೆಯ ವರ್ಷ ಇನ್ನೊಂದು ತುದಿಗೆ ಹೋದೆ. ಮಗು ಕೇಳಿದ್ದನ್ನಷ್ಟೇ ಕಲಿಸಬೇಕು, ಉಳಿದದ್ದು ತಾನಾಗಿ ಬರುತ್ತದೆ ಎಂಬ ಮಾತನ್ನು ನಂಬಿದೆ. ನಂಬಲು ನನ್ನ ಆಯಾಸವೂ ಕಾರಣ ಎಂದು ಈಗ ಅನಿಸುತ್ತದೆ. ದೀಪಾವಳಿಯ ಹೊತ್ತಿಗೆ ಇಬ್ಬರಿಗೂ ತೋಟದ ಕಪ್ಪೆಗಳನ್ನೆಲ್ಲ ಕೂಗಿನಿಂದಲೇ ಗುರುತಿಸಲು ಬರುತ್ತಿತ್ತು. ಕೂಸು ಕಳೆದ ವರ್ಷ ಕಲಿತಿದ್ದ ಒತ್ತಕ್ಷರಗಳನ್ನು ಮರೆತಿದ್ದಳು. ಕೆಲಸವೂ ಕಡಿಮೆಯಾಗಲಿಲ್ಲ. ಮೊದಲ ವರ್ಷ ದಿನಕ್ಕೆ ಐದು ಗಂಟೆ ಕಲಿಸುತ್ತಿದ್ದೆ, ಎರಡನೆಯ ವರ್ಷ ಬೆಳಗಿನಿಂದ ರಾತ್ರಿಯವರೆಗೆ "ಆಯಿ, ಇದೇನು? ಆಯಿ, ಈಗ ಏನು ಮಾಡಲಿ?" ಎಂಬುದಕ್ಕೆ ಉತ್ತರಿಸುತ್ತಿದ್ದೆ. ಬೆಂಗಳೂರಿನ ಭಾವ ಫೋನು ಮಾಡಿದಾಗಲೆಲ್ಲ, "ಶುಲ್ಕ ನಾನು ಕಟ್ಟುತ್ತೇನೆ, ಮಕ್ಕಳ ಭವಿಷ್ಯದ ಜೊತೆ ಆಟ ಬೇಡ" ಎನ್ನುತ್ತಿದ್ದರು. ಅವರ ಕಾಳಜಿ ಸುಳ್ಳಲ್ಲ, ಆದರೆ ಫೋನಿಟ್ಟ ಮೇಲೆ ನಾನು ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ದಾರಿ ತೋರಿಸಿದ್ದು ನನ್ನ ತವರಿನ ಅತ್ತಿಗೆ. ಅವರು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ನಡೆಸುವವರು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕಿ. ನನ್ನ ಗೋಳು ಕೇಳಿ ನಕ್ಕುಬಿಟ್ಟರು. "ನನಗೆ ಇಪ್ಪತ್ತೆರಡು ಮಕ್ಕಳು, ನಿನಗೆ ಎರಡು. ಎರಡೂ ಮಕ್ಕಳ ಪಕ್ಕದಲ್ಲಿ ಇಡೀ ದಿನ ನೀನೇ ಏಕೆ ಕೂತಿರುತ್ತೀಯೆ?" ಎಂದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು, ನಮ್ಮ ಕಾಡಂಚಿನ ಊರುಗಳಂಥ ಊರುಗಳಿಗೆಂದೇ ಹುಟ್ಟಿದ್ದು. ಅದರಲ್ಲಿ ಮಕ್ಕಳು ಐದು ಗುಂಪಾಗಿ ಕೂರುತ್ತಾರೆ: ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಸಹಾಯ ಬೇಕಾದವರು, ಗೆಳೆಯರ ಪೂರ್ಣ ಸಹಾಯದಿಂದ ಕಲಿಯುವವರು, ಗೆಳೆಯರ ಭಾಗಶಃ ಸಹಾಯ ಸಾಕೆನ್ನುವವರು, ತಾವೇ ಕಲಿಯುವವರು. ಐದರಲ್ಲಿ ಒಂದು ಗುಂಪಿಗೆ ಮಾತ್ರ ಶಿಕ್ಷಕಿ ಪೂರ್ತಿಯಾಗಿ ಬೇಕು. ನಾನು ಹಣ ಸುರಿದು ದೂರದಿಂದ ತರಿಸಿದ ಪೆಟ್ಟಿಗೆಯಲ್ಲಿ ಇಲ್ಲದ್ದು ಮೂರು ಕಿಲೋಮೀಟರ್ ಆಚೆಯ ಶಾಲೆಯ ಗೋಡೆಯ ಮೇಲೆ ನೇತಾಡುತ್ತಿತ್ತು.

ಆ ರಾತ್ರಿ ನನ್ನ ದಿನವನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಕಲಿಸಲು ಹಿಡಿಯುತ್ತಿದ್ದ ಹೊತ್ತು ನಿಜಕ್ಕೂ ಒಂದು ಗಂಟೆ. ಮಿಕ್ಕಿದ್ದೆಲ್ಲ ಈಗ ಏನು ಮಾಡಿಸಲಿ ಎಂದು ತೀರ್ಮಾನಿಸುವುದು, ಪೆನ್ಸಿಲ್ ಹುಡುಕುವುದು, ಕಳೆದ ಸಲ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ನೆನಪು ಮಾಡಿಕೊಳ್ಳುವುದು.

ಡಬ್ಬಿಗಳು ಹುಟ್ಟಿದ್ದು ಹೀಗೆ. ಅಟ್ಟದಲ್ಲಿದ್ದ ಐದು ತಗಡಿನ ಬಿಸ್ಕತ್ತಿನ ಡಬ್ಬಿಗಳನ್ನು ಇಳಿಸಿ, ಸೋಮವಾರದಿಂದ ಶುಕ್ರವಾರದವರೆಗೆ ಹೆಸರು ಬರೆದೆ. ಭಾನುವಾರ ಸಂಜೆ ಒಂದೂವರೆ ಗಂಟೆ ಕೂತು ಯಾವ ದಿನ ಏನು ಮಾಡಬೇಕೆಂಬ ವಾರದ ಚೀಟಿಗಳನ್ನೆಲ್ಲ ಬರೆದು ತುಂಬುತ್ತೇನೆ. ಆ ಚೀಟಿಗೆ ಬೇಕಾದ ಬಳಪ, ಎಣಿಸುವ ಕಾಳು, ದಾರ, ಪುಸ್ತಕ ಎಲ್ಲ ಅದೇ ಡಬ್ಬಿಯಲ್ಲಿ. ಕೆಂಪು ಚುಕ್ಕೆ ಇದ್ದರೆ ಆಯಿಯ ಜೊತೆ, ಹಸಿರು ಚುಕ್ಕೆ ಇದ್ದರೆ ಅಕ್ಕ ತಮ್ಮ ಇಬ್ಬರೇ, ಚುಕ್ಕೆ ಇಲ್ಲದ್ದು ಒಬ್ಬೊಬ್ಬರೇ. ವಾರ ಶುರುವಾದ ಮೇಲೆ ನಾನು ಏನನ್ನೂ ಬದಲಿಸುವಂತಿಲ್ಲ. ಇದು ಮಕ್ಕಳಿಗಿಂತ ನನಗೆ ಹಾಕಿಕೊಂಡ ನಿಯಮ.

ಮೊದಲ ತಿಂಗಳು ಇದೂ ಕೆಟ್ಟಿತು. ಆಸೆಗೆ ಬಿದ್ದು ಒಬ್ಬೊಬ್ಬರಿಗೆ ಎಂಟು ಚೀಟಿ ಹಾಕುತ್ತಿದ್ದೆ. ಗುರುವಾರದ ಹೊತ್ತಿಗೆ ಹಿಂದಿನ ದಿನಗಳ ಚೀಟಿಯೆಲ್ಲ ಸೇರಿ ಡಬ್ಬಿಯ ಮುಚ್ಚಳ ಹಾಕಲು ಬರುತ್ತಿರಲಿಲ್ಲ. ನಾಲ್ಕಕ್ಕೆ ಇಳಿಸಿದೆ. ಉಳಿದ ಚೀಟಿ ಮರುದಿನಕ್ಕೆ ಹೋಗುವುದಿಲ್ಲ, ಒಲೆಗೆ ಹೋಗುತ್ತದೆ. ಅದು ಗೊತ್ತಾದ ಮೇಲೆ ಮಕ್ಕಳಿಗೆ ಅದೇಕೋ ಚೀಟಿ ಉಳಿಸಲು ಮನಸ್ಸು ಬರಲಿಲ್ಲ. ಇನ್ನೊಂದು ತೊಂದರೆ ಭಾನುವಾರಗಳದು. ಉಪನಯನ, ಗೃಹಪ್ರವೇಶ, ನೆಂಟರು ಎಂದು ತಿಂಗಳಿಗೆ ಒಂದು ಭಾನುವಾರವಾದರೂ ಕೈಗೆ ಸಿಗುವುದಿಲ್ಲ. ಅದಕ್ಕೆ ಆರನೆಯದೊಂದು ಡಬ್ಬಿ ಮಾಡಿ, ಯಾವಾಗ ಬೇಕಾದರೂ ಮಾಡಬಹುದಾದ ನಲವತ್ತು ಚೀಟಿ ತುಂಬಿಟ್ಟಿದ್ದೇನೆ. ಅದರ ಹೆಸರು ನೆಂಟರ ಡಬ್ಬಿ.

ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಡಬ್ಬಿ ತೆಗೆದರೆ ಹತ್ತೂವರೆಗೆ ಮುಚ್ಚುತ್ತೇವೆ. ಅದಕ್ಕೂ ಮೊದಲು ಮಧ್ಯಾಹ್ನದ ಅನ್ನ, ಒಂದು ಹುಳಿ ಆಗಿರಬೇಕು. ತಂಬುಳಿಯನ್ನು ಊಟದ ಹೊತ್ತಿಗೆ ಅತ್ತೆ ಕಡೆಯುತ್ತಾರೆ. ಇಬ್ಬರ ಎಂಟು ಚೀಟಿಯಲ್ಲಿ ಕೆಂಪು ಚುಕ್ಕೆಯದು ಮೂರಕ್ಕಿಂತ ಹೆಚ್ಚಿರುವುದಿಲ್ಲ. ಮಿಕ್ಕ ಹೊತ್ತು ನಾನು ಅಲ್ಲೇ ಕೂತು ಕಾಯಿಪಲ್ಯ ಹೆಚ್ಚುತ್ತೇನೆ ಅಥವಾ ರವಿಕೆ ಹೊಲಿಯುತ್ತೇನೆ.

ಮಾಣಿಯ ಅಕ್ಷರಕ್ಕೆ ಅತ್ತಿಗೆ ಕೊಟ್ಟ ಹಳೆಯ ಕಾರ್ಡುಗಳ ಕ್ರಮವನ್ನೇ ಹಿಡಿದೆ: ರ ಗ ಸ ದ ಅ. ಅ ಆ ಇ ಈ ಬಿಟ್ಟು ಇದೆಂಥ ಕ್ರಮ ಎಂದು ಮಾವನವರಿಗೆ ಸಿಟ್ಟೇ ಬಂತು. ಆದರೆ ಒಂದು ಗುಂಡು ತಿದ್ದಲು ಬಂದರೆ ಐದಕ್ಕೂ ಕೈ ತಿರುಗುತ್ತದೆ, ಐದೇ ಅಕ್ಷರದಲ್ಲಿ ಸರ, ರಸ, ದರ, ಅಗಸ, ಅರಸ, ದಸರ ಎಲ್ಲ ಓದಬಹುದು. ಎರಡನೆಯ ಕಂತು ಜ ವ ಮ ಬ ನ. ಅದನ್ನು ಕಲಿಸಿದ ವಾರವೇ ಒಂದು ಸಂಜೆ ಹಾಲು ಕರೆಯಲು ಹೋದರೆ ಕೊಟ್ಟಿಗೆಯ ಬಾಗಿಲ ಮೇಲೆ ಬಳಪದಲ್ಲಿ ಬಸವ ಎಂದು ಬರೆದಿತ್ತು, ಸ ಸ್ವಲ್ಪ ಮಲಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಬಸವ ಎಂದರೆ ಆ ಇಪ್ಪತ್ತನೆಯ ದಿನ ಹುಟ್ಟಿದ ಕರು, ಈಗ ಎಳೆಯ ಹೋರಿ. ಬಾಗಿಲನ್ನು ನಾನು ಇನ್ನೂ ತೊಳೆದಿಲ್ಲ.

ಸಿಟ್ಟಾಗಿದ್ದ ಮಾವನವರನ್ನೇ ಗಣಿತಕ್ಕೆ ಹಿಡಿದೆ. ಅವರಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಗೆ ಬರುತ್ತದೆ. ಮೂರು ಮುಕ್ಕಾಲಲಿ ಎರಡೂ ಕಾಲು ಎಂದು ಎಲೆಯಡಿಕೆ ಅಗಿಯುತ್ತಲೇ ಹೇಳುತ್ತಾರೆ. ಭಿನ್ನರಾಶಿಯನ್ನು ನಾನು ಕಲಿಸಿಯೇ ಇಲ್ಲ. ನಾಲ್ಕು ಪಾವು ಒಂದು ಸೇರು, ಅಚ್ಚೇರು ಅದರ ಅರ್ಧ, ಅಕ್ಕಿ ಡಬ್ಬಿಯ ಮುಂದೆ ಕೂತು ಅಜ್ಜ ಮೊಮ್ಮಗಳು ಅಳೆದು ಸುರಿದು ಮುಗಿಸಿದರು. ದೊಡ್ಡ ಸಂಖ್ಯೆಗೆ ಪತ್ರಿಕೆಯಲ್ಲಿ ಬರುವ ಶಿರಸಿ ಮಾರುಕಟ್ಟೆಯ ಅಡಿಕೆ ದರ: ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ. ಐದಂಕಿಯ ಕಳೆಯುವ ಲೆಕ್ಕ ದಿನಕ್ಕೆ ಐದು ಬಿಟ್ಟಿ ಸಿಗುತ್ತದೆ, ಅದೂ ಮನೆಯವರೆಲ್ಲ ಉತ್ತರ ಕೇಳಲು ಕಾದಿರುವ ಲೆಕ್ಕ.

ರಜೆಯ ವಿಷಯದಲ್ಲಿ ಜಾಣತನ ಮಾಡಲು ಹೋಗಿ ಎಡವಿದೆ. ಡಿಸೆಂಬರ್, ಜನವರಿ ಕೊಯ್ಲಿನ ಕಾಲ. ಅಡಿಕೆ ಸುಲಿಯುವ ಜನಕ್ಕೆ ಚಹಾ ಕಾಯಿಸುವುದರಲ್ಲೇ ದಿನ ಹೋಗುತ್ತದೆ. ಆ ಎರಡು ತಿಂಗಳು ರಜೆ ಕೊಟ್ಟು ಏಪ್ರಿಲ್, ಮೇ ಕಲಿಸೋಣವೆಂದುಕೊಂಡೆ. ಮೇ ತಿಂಗಳಿಗೆ ಮನೆ ತುಂಬ ನೆಂಟರ ಮಕ್ಕಳು, ಮಾವಿನ ಹಣ್ಣು, ಹೊಳೆ. ಡಬ್ಬಿ ತೆಗೆದರೆ ಏಳು ಮಕ್ಕಳ ಕೈ ಒಳಗೆ. ಒಂದು ವಾರ ಗದರಿಸಿ ಸೋತು, ಹಸಿರು ಚುಕ್ಕೆಯ ಚೀಟಿ ಮಾತ್ರ ಹಾಕಿದೆ. ಆಗ ಭಾವನ ಮಗ, ಕೂಸಿನ ವಯಸ್ಸಿನವನೇ, ಬೆಟ್ಟೆಯ ದರವನ್ನು ಓದಲು ತಡವರಿಸಿದ. ಕೂಸು ಓದಿ, ಕನಿಷ್ಠವನ್ನು ಗರಿಷ್ಠದಿಂದ ಬಾಯಿಲೆಕ್ಕದಲ್ಲೇ ಕಳೆದು ಹೇಳಿದಳು. ಮಕ್ಕಳನ್ನು ಹೋಲಿಸಬಾರದು, ಗೊತ್ತು. ಭಾವ ಅಲ್ಲೇ ಕೂತಿದ್ದರು ಎಂಬುದನ್ನಷ್ಟೇ ಬರೆದು ಬಿಡುತ್ತೇನೆ. ಆಮೇಲೆ ಶುಲ್ಕದ ಮಾತು ಬಂದಿಲ್ಲ.

ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ಮೇಷ್ಟರೊಬ್ಬರು ಬಂದಿದ್ದರು. ಮುಖ ಗಂಟಿಕ್ಕಿಕೊಂಡೇ ಒಳಗೆ ಬಂದರು. ಮಾಣಿಯಿಂದ ಪತ್ರಿಕೆ ಓದಿಸಿದರು, ಕೂಸಿಗೆ ಉಕ್ತಲೇಖನ ಕೊಟ್ಟರು, ಕಷಾಯ ಕುಡಿದರು, ಹೋಗುವಾಗ ಡಬ್ಬಿಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದರು. ಮುಂದೆ ಶಾಲೆಗೆ ಸೇರಿಸಬೇಕೆಂದರೆ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಲು ಅವಕಾಶವಿದೆ. ಶಾಲೆಗೆ ಹೋಗದೆಯೂ ಬರೆಯಬಹುದಾದ, ಮುಕ್ತ ಶಾಲೆಯ (ಎನ್‌ಐಒಎಸ್) ಐದನೆಯ ತರಗತಿಗೆ ಸಮನಾದ ಪರೀಕ್ಷೆಯೂ ಇದೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಅತ್ತೆಯವರಿಗೆ ಇದನ್ನು ಮೂರು ಸಲ ಬಿಡಿಸಿ ಹೇಳಿದ ಮೇಲೆ ಅವರಿಗೆ ರಾತ್ರಿ ನಿದ್ದೆ ಬಂತು.

ಮಾಣಿಯನ್ನು ಮೊದಲ ಹತ್ತು ನಿಮಿಷ ಅಲುಗಾಡದೆ ಕೂರಿಸುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಅದನ್ನು ಬರೆಯುವುದಿಲ್ಲ. ಅವನಿಗೀಗ ಓದಲು ಬರುತ್ತದೆ, ಇದು ಅವನ ಕೈಗೆ ಸಿಕ್ಕಿದರೆ ಮರುದಿನದಿಂದ ನನ್ನ ಆಟ ನಡೆಯುವುದಿಲ್ಲ. ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಕಳೆದ ವರ್ಷದ ಒಟ್ಟು ಖರ್ಚು, ಇಂಗ್ಲಿಷ್ ಕಥೆಪುಸ್ತಕಗಳೂ ಸೇರಿ, ಎರಡೂವರೆ ಸಾವಿರ ದಾಟಿಲ್ಲ. ಪ್ರಿಂಟರನ್ನು ಮೂರು ಸಾವಿರಕ್ಕೆ ಮಾರಿದೆ. ಈ ಮಳೆಗಾಲದಲ್ಲಿ ಗುರುವಾರದ ಡಬ್ಬಿ ತುಕ್ಕು ಹಿಡಿದು ತಳ ತೂತಾಗಿದೆ. ಪ್ಲಾಸ್ಟಿಕ್ಕಿನದು ತಂದೆ, ಮುಚ್ಚಳ ತೆಗೆದರೆ ಟಣ್ ಎನ್ನುವುದಿಲ್ಲ ಎಂದು ಇಬ್ಬರೂ ಒಪ್ಪಲಿಲ್ಲ. ಸದ್ಯಕ್ಕೆ ತೂತಿಗೆ ಮೇಣ ಮೆತ್ತಿದ್ದೇನೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ತಗಡಿನ ಡಬ್ಬಿ ಬಿದ್ದಿದ್ದರೆ ಎಸೆಯಬೇಡಿ, ನನಗೆ ತಿಳಿಸಿ.