ಅಕ್ಕ-ತಂಗಿ ಜೋಡಿ ಮೂರನೆಯ ಸಲ ಕೂಡಿಬಂತು

‘ಹುಡುಗಿಯರು ಹುಡುಗಿಯರಿಗೆ ಏನು ಕಲಿಸುತ್ತಾರೆ ಮೇಡಂ? ಹರಟೆ ಕಲಿಸುತ್ತಾರೆ’ ಎಂದು, ಹಿರಿಯ ವಿದ್ಯಾರ್ಥಿನಿ ಅಕ್ಕನಾಗಿ ಕಿರಿಯ ತಂಗಿಗೆ ಪಾಠ ಹೇಳುವ ಜೋಡಿಯ ಮಾತೆತ್ತಿದಾಗ ಸ್ಟಾಫ್ ರೂಮಿನಲ್ಲಿ ನಕ್ಕವರು ಈಗ ನಗುತ್ತಿಲ್ಲ. ಹುಬ್ಬಳ್ಳಿಯ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನ ಅರವತ್ತು ಮಂದಿಯಲ್ಲಿ ಹದಿನಾಲ್ಕು-ಹದಿನೈದು ಜನ ನರ್ಸಿಂಗಿನ ಮೊದಲ ಪಾಠಗಳಾದ ಫೌಂಡೇಶನ್ ಪ್ರಾಕ್ಟಿಕಲ್‌ನ ಇಂಟರ್ನಲ್ ಪರೀಕ್ಷೆಯಲ್ಲಿ ಎಡವುತ್ತಿದ್ದರು. ಹೋದ ವರ್ಷ ಎಡವಿದವರು ನಾಲ್ವರು.

ಮೊದಲ ಸಲ ಕೆಡಿಸಿದವಳು ಟ್ಯೂಟರ್ ಆದ ನಾನೇ. ಕೊನೆಯ ವರ್ಷದ ಜಾಣೆಯರನ್ನು ಹಾಜರಿ ಸಂಖ್ಯೆ ನೋಡಿ ಕಿರಿಯರಿಗೆ ಜೋಡಿಸಿದೆ. ತಿಂಗಳು ತುಂಬುವುದರೊಳಗೆ ರೋಗಿಗಳ ವಿವರ ಬರೆಯುವ ಜಾಣೆಯರ ಕೇಸ್ ಬುಕ್ಕುಗಳು ಕಿರಿಯರ ಅಕ್ಷರದಲ್ಲಿ ತುಂಬಿದವು! ಎರಡನೆಯ ಸಲ ಹತ್ತು ಜನರಿಗೆ ತಿಂಗಳಿಗೆ ಇನ್ನೂರು ರೂಪಾಯಿ ಗೌರವಧನ ಇಟ್ಟೆ. ರಿಜಿಸ್ಟರಿನಲ್ಲಿ ಸಹಿ ಇರುತ್ತಿತ್ತು, ಲ್ಯಾಬಿನಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಆರು ಸಾವಿರ ನೀರಿಗೆ ಬಿತ್ತು.

ಮೂರನೆಯ ಸಲ ಒಂದೇ ವರ್ಷ ಹಿರಿಯರಾದ, ಮೂರನೆಯ ಸೆಮಿಸ್ಟರಿನ ಮೂವತ್ತು ಮಂದಿಯನ್ನು ಹಿಡಿದೆ, ಒಬ್ಬೊಬ್ಬರಿಗೆ ಇಬ್ಬರಂತೆ. ಅದರಲ್ಲೂ ಮೊದಲ ವರ್ಷ ಅತ್ತವರನ್ನೇ ಹುಡುಕಿದೆ. ಜಾಣೆಗೆ ತನಗೆ ಹೇಗೆ ಬಂತೆಂದು ಹೇಳಲು ಬರುವುದಿಲ್ಲ. ನವಲಗುಂದದ ಕಡೆಯಿಂದ, ಹತ್ತನೆಯವರೆಗೆ ಕನ್ನಡದಲ್ಲೇ ಓದಿ ಬಂದವಳೊಬ್ಬಳು ಸಲೈನಿನ ಹನಿ ಲೆಕ್ಕಕ್ಕೆ ಎರಡು ಸಲ ಬೈಸಿಕೊಂಡಿದ್ದಳು. ಅವಳು ಕಲಿಸಿದ್ದು ಇಷ್ಟು: ‘ಐನೂರು ಎಂಎಲ್, ಎಂಟು ತಾಸು, ಎಂಎಲ್‌ಗೆ ಇಪ್ಪತ್ತು ಹನಿಯ ಸೆಟ್. ಮೊದಲು ತಾಸನ್ನು ನಿಮಿಷ ಮಾಡು, ಆಮೇಲೆ ಉಳಿದದ್ದು.’ ನಿಮಿಷಕ್ಕೆ ಇಪ್ಪತ್ತೊಂದು ಹನಿ ಎಂದು ತಂಗಿಯರು ಬೆರಳು ಮಡಿಸದೆ ಹೇಳಿದರು.

ಬಿಪಿಯದು ಬೇರೆಯೇ ಗೋಳು. ಸ್ಟೆತಾಸ್ಕೋಪಿನಲ್ಲಿ ನಾಡಿಯ ಸದ್ದು ಕೇಳದಿದ್ದರೆ ಮಕ್ಕಳು 120/80 ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ವಾರ್ಡಿನ ಹನ್ನೆರಡು ರೋಗಿಗಳಿಗೂ ಒಂದೇ ಬಿಪಿ! ಇಬ್ಬರು ಒಟ್ಟಿಗೆ ಕೇಳುವ ಜೋಡಿ ಸ್ಟೆತಾಸ್ಕೋಪನ್ನು ಸುಮಾರು ಸಾವಿರದ ಮುನ್ನೂರು ಕೊಟ್ಟು ತಂದೆ. ಮೊದಲ ಸದ್ದಿಗೆ ತಂಗಿ ಬೆರಳೆತ್ತಬೇಕು, ತಪ್ಪಿದರೆ ಅಕ್ಕ ಮೊಣಕೈಯಿಂದ ತಿವಿಯಬೇಕು. ಮೊದಲ ವಾರ ಅಕ್ಕಂದಿರೇ ನಾಲ್ಕೈದು ಜನ ಸಿಕ್ಕಿಬಿದ್ದರು.

ಗೌರವಧನದ ಬದಲು ಶನಿವಾರ ಅಕ್ಕಂದಿರಿಗೆ ಗಿರ್‌ಮಿಟ್, ಮಿರ್ಚಿ, ಚಹಾ. ತಲೆಗೆ ಇಪ್ಪತ್ತೈದರಂತೆ ಹನ್ನೆರಡು ಶನಿವಾರಕ್ಕೆ ಒಂಬತ್ತು ಸಾವಿರದ ಹತ್ತಿರ ಬಂತು. ಆಡಳಿತ ಮಂಡಳಿ ನಾಲ್ಕು ಸಾವಿರ ಹಿಂದಿರುಗಿಸಿತು, ಅದೂ ಮಾರ್ಚ್ ಲೆಕ್ಕ ಮುಗಿದ ಮೇಲೆ. ಜೋಡಿ ಕಟ್ಟುವ ಮೊದಲು ಇಬ್ಬರಿಗೂ ಎರಡು ಪ್ರಶ್ನೆ ಕೇಳುತ್ತೇನೆ. ಅವು ಏನೆಂದು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಕೇರಳದ ಹುಡುಗಿಯೊಬ್ಬಳು, ‘ಹೊಟ್ಟೆ ಕಡಿಯುತ್ತದೆ’ ಎಂದ ಅಜ್ಜಿಯ ಚರ್ಮದ ಮೇಲೆ ತುರಿಕೆ ಹುಡುಕುತ್ತ ನಿಂತಿದ್ದಳು. ಅಜ್ಜಿಗೆ ಇದ್ದದ್ದು ಹೊಟ್ಟೆನೋವು. ಅಂದಿನಿಂದ ರೋಗಿಗಳ ಮಾತುಗಳನ್ನು ಜೋಡಿಗಳೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ. ಬೇನೆ, ಸಂಕಟ, ಎದೆ ಉರಿ ಸೇರಿ ನೂರನಲವತ್ತಾಗಿರಬೇಕು. ಗದಗಿನ ಗೆಳತಿಯೊಬ್ಬರು, ಅವರೂ ಟ್ಯೂಟರ್, ಕಳೆದ ವಾರ ಬಂದು ನೋಟ್‌ಬುಕ್ಕಿನ ಜೆರಾಕ್ಸ್ ಒಯ್ದರು. ಆ ಎರಡು ಪ್ರಶ್ನೆಗಳನ್ನೂ ಕೇಳಿದರು. ಚಹಾ ಕುಡಿಸಿ ಕಳಿಸಿದೆ.