ಕ್ರೋಶಾ ಪ್ಯಾಟರ್ನ್: ಆ ನಕ್ಷತ್ರ ಚಿಹ್ನೆಯಲ್ಲೇ ಎಡವುತ್ತೀರಿ

ಬಿಸಿಲು ಏರುತ್ತಿದ್ದಂತೆ ಕಲಬುರಗಿಯ ನಮ್ಮ ಓಣಿಯಲ್ಲಿ ಮಣ್ಣಿನ ಮಡಕೆಗಳು ಹೊರಗೆ ಬರುತ್ತವೆ. ಅವುಗಳ ಬಾಯಿಗೆ ಮಣಿ ಅಂಚಿನ ಕ್ರೋಶಾ ಮುಚ್ಚಳ ಕೊಕ್ಕೆ ಕಡ್ಡಿಯಲ್ಲಿ ಹೆಣೆಯಲು ನೆರೆಯವರೊಬ್ಬರು ಇಂಗ್ಲಿಷ್ ಪ್ಯಾಟರ್ನ್, ಅಂದರೆ ಹೆಣೆಯುವ ಕ್ರಮ ಬರೆದ ಹಾಳೆ, ಹಿಡಿದು ಕೂತರು. ವಾರ ಬಿಟ್ಟು ನೋಡಿದರೆ ಟೋಪಿ ಆಗಿತ್ತು! ಅವರ ಕೈ ಚೆನ್ನಾಗಿದೆ, ಓದಿದ್ದು ತಪ್ಪು.

ಮೊದಲು ಪ್ಯಾಟರ್ನ್ ಅಮೆರಿಕದ್ದೋ ಬ್ರಿಟನ್ನಿನದೋ ನೋಡಿ. ಅಮೆರಿಕದ ಎಸ್‌ಸಿ (ಸಿಂಗಲ್ ಕ್ರೋಶಾ, ಗಿಡ್ಡನೆಯ ಹೆಣಿಗೆ) ಬ್ರಿಟನ್ನಿನಲ್ಲಿ ಡಿಸಿ (ಡಬಲ್ ಕ್ರೋಶಾ). ಅಮೆರಿಕದ ಡಿಸಿ, ಅಂದರೆ ನಮ್ಮವ್ವ ಕಂಬ ಅನ್ನುತ್ತಿದ್ದ ಉದ್ದನೆಯ ಹೆಣಿಗೆ, ಅಲ್ಲಿ ಟ್ರೆಬಲ್. ಎಸ್‌ಸಿ ಅಂತ ಕಂಡರೆ ಅಮೆರಿಕದ್ದು.

ಇನ್ನು ಕಷ್ಟದ ಜಾಗ. ಎರಡನೇ ಸುತ್ತಿಗೆ 12 ಹೆಣಿಗೆ ಆಗಿವೆ ಅನ್ನಿ. ಮೂರನೇ ಸುತ್ತಿನ ಸಾಲು ಹೀಗಿರುತ್ತದೆ (ಎಸ್‌ಟಿ ಅಂದರೆ ಸ್ಟಿಚ್, ಒಂದು ಹೆಣಿಗೆ): * ಎಸ್‌ಸಿ ಇನ್ ನೆಕ್ಸ್ಟ್ ಎಸ್‌ಟಿ, 2 ಎಸ್‌ಸಿ ಇನ್ ನೆಕ್ಸ್ಟ್ ಎಸ್‌ಟಿ, ರಿಪೀಟ್ ಫ್ರಮ್ * 5 ಮೋರ್ ಟೈಮ್ಸ್ (18).

'2 ಎಸ್‌ಸಿ ಇನ್ ನೆಕ್ಸ್ಟ್' ಅಂದರೆ ಒಂದೇ ಹೆಣಿಗೆಯೊಳಗೆ ಎರಡು. 'ಎಸ್‌ಸಿ ಇನ್ ನೆಕ್ಸ್ಟ್ 2' ಅಂದರೆ ಮುಂದಿನ ಎರಡಕ್ಕೂ ಒಂದೊಂದು. ಅಂಕಿ ಎಲ್ಲಿದೆ ಅನ್ನೋದೇ ಮುಖ್ಯ. ನೆರೆಯವರು ಪ್ರತಿ ಸುತ್ತಲ್ಲೂ ಇದನ್ನು ಅದಲುಬದಲು ಮಾಡಿದ್ದರು. ಹೆಣಿಗೆ ಹೆಚ್ಚಿಸುವ ಕಡೆ ಹೆಚ್ಚಿಸಲಿಲ್ಲ, ಚಪ್ಪಟೆ ಇರಬೇಕಾದ ಮುಚ್ಚಳ ಬಟ್ಟಲಾಯಿತು. ಜಾಸ್ತಿ ಹೆಚ್ಚಿಸಿದರೆ ಅಂಚು ಹಪ್ಪಳದ ಹಾಗೆ ಮುದುಡುತ್ತದೆ.

'ರಿಪೀಟ್ ಫ್ರಮ್ *' ಅಂದರೆ ಆ ನಕ್ಷತ್ರದಿಂದ ಶುರುವಾದದ್ದನ್ನು ಮತ್ತೆ ಹೆಣೆಯಿರಿ, '5 ಮೋರ್' ಅಂದರೆ ಇನ್ನೂ ಐದು ಸಲ. ಮೊದಲನೆಯದು ಸೇರಿ ಆರು. ಒಂದೊಂದು ಸಲಕ್ಕೂ ಹಳೆಯ 2 ಹೆಣಿಗೆ ಮುಗಿದು ಹೊಸ 3 ಬರುತ್ತವೆ. ಐದಕ್ಕೇ ನಿಲ್ಲಿಸಿದರೆ 15 ಮಾತ್ರ, ಕೊನೆಗೆ ಎರಡು ಹೆಣಿಗೆ ಬಾಯಿ ಬಿಟ್ಟುಕೊಂಡು ಉಳಿಯುತ್ತವೆ. ಕಂಸದ 18 ಹೆಣೆಯಲು ಅಲ್ಲ, ಎಣಿಸಲು. ಪ್ರತಿ ಸುತ್ತೂ ಎಣಿಸಿ. ಸುತ್ತಿನ ಮೊದಲ ಹೆಣಿಗೆಗೆ ಸೇಫ್ಟಿ ಪಿನ್ ಸಾಕು, ಪ್ಲಾಸ್ಟಿಕ್ ಮಾರ್ಕರ್‌ಗೆ ದುಡ್ಡು ದಂಡ.

ಪ್ಯಾಟರ್ನನ್ನು ಫೋನಿನಲ್ಲಿ ಅನುವಾದಿಸಿ ಓದುವವರೂ ಇದ್ದಾರೆ. ಬೇಡವೇ ಬೇಡ. 'ಸ್ಕಿಪ್' (ಆ ಹೆಣಿಗೆ ಬಿಟ್ಟು ಮುಂದಿನದಕ್ಕೆ ಹೋಗಿ) ಅನ್ನೋದು 'ಜಿಗಿಯಿರಿ' ಆದರೆ ಏನು ಮಾಡ್ತೀರಿ? ಹೊಳೆಯುವ ನೈಲಾನ್ ದಾರವೂ ಬೇಡ, ಬೆವರಿದ ಕೈಗೆ ಅಂಟುತ್ತೆ. ಹತ್ತಿ ದಾರವೇ ಸರಿ.

ಉದ್ದನೆಯ ಹೆಣಿಗೆಯ ಸಾಲಿನ ಶುರುವಿಗೆ ಹಾಕುವ 3 ಚೈನ್ (ಸರಪಳಿ ಕುಣಿಕೆ) ಒಂದು ಹೆಣಿಗೆಯಾಗಿ ಲೆಕ್ಕಕ್ಕಿದೆಯೋ ಇಲ್ಲವೋ ಸಾಮಾನ್ಯವಾಗಿ ಪ್ಯಾಟರ್ನಿನಲ್ಲೇ ಬರೆದಿರುತ್ತದೆ, ಓದಿಕೊಳ್ಳಿ.

ಕೊನೆಯ ಸಾಲನ್ನೂ ಮೊದಲೇ ಓದಿ. ಮಣಿ ವಿಷಯ ಅಲ್ಲಿರುತ್ತದೆ, ಆದರೆ ಮಣಿಗಳನ್ನು ದಾರಕ್ಕೆ ಶುರುವಿನಲ್ಲೇ ಪೋಣಿಸಿಕೊಂಡಿರಬೇಕು. ಮರೆತರೆ ದಾರ ಕತ್ತರಿಸಿ, ಪೋಣಿಸಿ, ಮತ್ತೆ ಗಂಟು ಹಾಕಬೇಕು.